ತಾಳದ ಮೈಕು

ಒಂದೇ ಕೋಣೆಯಲ್ಲಿ ನಾಲ್ಕು ಜನರನ್ನು ಕೂರಿಸಿ ರೆಕಾರ್ಡ್ ಮಾಡುವವನಿಗೆ ತಾಳದಷ್ಟು ತಲೆನೋವು ಇನ್ನೊಂದಿಲ್ಲ. ಅಂಗೈಯಗಲದ ಎರಡು ಹಿತ್ತಾಳೆ ಬಿಲ್ಲೆ, ಅಷ್ಟೇ. ಆದರೆ ಅದರ ಸದ್ದು ಹಾಡುವವನ ಮೈಕಿಗೆ ನುಗ್ಗುತ್ತದೆ, ಡೋಲಕ್ಕಿನ ಮೈಕಿಗೆ ನುಗ್ಗುತ್ತದೆ, ಹಾರ್ಮೋನಿಯಂ ಮೈಕನ್ನೂ ಬಿಡುವುದಿಲ್ಲ. ಆಮೇಲೆ ಹಾಡುವವನ ದನಿಯನ್ನು ಒಂದು ಚೂರು ಏರಿಸೋಣ ಎಂದರೆ ಅವನ ಮೈಕಿನಲ್ಲಿ ಕೂತಿರುವ ತಾಳವೂ ಜೊತೆಗೇ ಏರುತ್ತದೆ. ನಾವು ಇದನ್ನು ಲೀಕು ಅನ್ನುತ್ತೇವೆ. ನನ್ನ ಕೆಲಸದಲ್ಲಿ ಅರ್ಧ ಈ ಲೀಕು ನಿಲ್ಲಿಸುವುದೇ.

ನಾನು ಓದಿದ್ದು ಎಂಟನೇ ಕ್ಲಾಸು. ಊರು ಕಲ್ಯಾಣದುರ್ಗ. ಶಾಮಿಯಾನ ಅಂಗಡಿಯಲ್ಲಿ ಮೈಕ್‌ಸೆಟ್ಟಿನ ಹಾರ್ನು ಕಟ್ಟುತ್ತಾ, ವೈರು ಬೆಸೆಯುತ್ತಾ ಕೆಲಸ ಕಲಿತೆ. ಈಗ ಹಿಂದೂಪುರದಲ್ಲಿ, ಹಿಂದೆ ರೇಷ್ಮೆಗೂಡು ತುಂಬಿಡುತ್ತಿದ್ದ ಒಂದು ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುತ್ತೇನೆ. ಮಳೆ ಬಂದರೆ ಗೋಡೆಯಿಂದ ಈಗಲೂ ಹುಳುವಿನ ವಾಸನೆ ಬರುತ್ತದೆ. ಗಾಜಿನ ಕಿಟಕಿ ಇಟ್ಟು ಇನ್ನೊಂದು ಕೋಣೆ ಕಟ್ಟಿಸುವ ಶಕ್ತಿ ನನಗಿಲ್ಲ. ಅದಕ್ಕೇ ನಾನು ಕಂಪ್ಯೂಟರ್ ಇಟ್ಟುಕೊಂಡು ಬಾಗಿಲಾಚೆ, ಮೆಟ್ಟಿಲ ಮೇಲಿನ ಜಾಗದಲ್ಲಿ ಕೂರುತ್ತೇನೆ. ಹಾಡುವವರು, ಬಾರಿಸುವವರು ಎಲ್ಲಾ ಒಳಗೆ, ಒಟ್ಟಿಗೆ.

ಅವತ್ತು ಬಂದವರು ಊರಿನಲ್ಲಿ ನಮ್ಮ ಬೀದಿಯ ಈಶ್ವರನ ಗುಡಿಯ ಭಜನೆ ಗುಂಪು. ಫೋನ್ ಮಾಡಿದ್ದು ಗುಂಪಿನ ಯಜಮಾನರು. ಬಟ್ಟೆ ಅಂಗಡಿ ಇಟ್ಟವರು, ಗುಂಪಿನಲ್ಲಿ ಹಾಡುವವರು ಅವರೇ.

"ನಾಲಕ್ಕು ಜನ ಬತ್ತೀವಿ ಕಣಪ್ಪ. ಒಂದೇ ಪದ. ಭಾನುವಾರ ಮುಗಿಸ್ಬುಡ್ಬೇಕು. ಸೋಮವಾರ ನಂದು ಆಪರೇಷನ್ನು, ಬೆಂಗ್ಳೂರ್ನಾಗೆ."

"ಏನಾಯ್ತು ಯಜಮಾನ್ರೇ?"

"ಗಂಟ್ಲಾಗೆ ಗಂಟು. ತೆಗುದ್ ಮೇಲೆ ಮಾತು ಬತ್ತದೆ, ಹಾಡು ಗ್ಯಾರಂಟಿ ಇಲ್ಲ ಅಂದ್ರು ಡಾಕ್ಟ್ರು. ಅದ್ಕೇ ಹಾಡು ಮೊದ್ಲು ತೆಗುದಿಟ್ಕೋಬೇಕು."

ಆ ಪದ ಅವರ ಅಪ್ಪ ಕಟ್ಟಿದ್ದು. ಸೋಮವಾರ ಬೆಳಗ್ಗೆ ಗುಡಿಯ ಹಾರ್ನಿನಲ್ಲಿ ಅದನ್ನು ಕೇಳುತ್ತಲೇ ನಾನು ಬೆಳೆದೆ. ಕೊನೆಯ ನುಡಿಯಲ್ಲಿ ಒಂದು ಕಡೆ ದನಿ ಇದ್ದಕ್ಕಿದ್ದಂತೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಬೀದಿಯವರು ಅದಕ್ಕೆ 'ಏರು' ಅನ್ನುತ್ತಾರೆ. ಆ ಏರು ಬಂದಾಗ ನಮ್ಮಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸುತ್ತಿದ್ದಳು. ನಾನು ಹಾರ್ನು, ಮೈಕು ಅಂತ ಹುಚ್ಚು ಹಿಡಿಸಿಕೊಂಡಿದ್ದೂ ಆ ಏರಿನಿಂದಲೇ. ಊರಿಗೆ ಹೋದಾಗಲೆಲ್ಲ ಕೇಳುತ್ತಿದ್ದೆ, ಹೋದ ವರ್ಷವೂ ಕೇಳಿದ್ದೆ. ಹಾಗೇ ಇತ್ತು. ಈ ವಯಸ್ಸಿನಲ್ಲಿ ಹೇಗಪ್ಪಾ ಇಷ್ಟು ಮೇಲೆ ಹೋಗುತ್ತಾರೆ ಎಂದುಕೊಂಡಿದ್ದೆ.

ಭಾನುವಾರ ಹತ್ತು ಗಂಟೆಗೆ ನಾಲ್ವರೂ ಬಸ್ಸಿಳಿದು ಬಂದರು. ಯಜಮಾನರು. ಹಾರ್ಮೋನಿಯಂ ನುಡಿಸುವ ಮೇಷ್ಟ್ರು, ರಿಟೈರಾದವರು. ಡೋಲಕ್ಕಿನವನು, ಕಂಬದೂರಿಗೆ ಆಟೋ ಓಡಿಸುವವನು. ತಾಳ ಹಾಕುವ ಯಜಮಾನರ ತಮ್ಮ. ಈ ತಮ್ಮನಿಗೆ ಬೆಳುಗುಪ್ಪ ರಸ್ತೆಯಲ್ಲಿ ಪಂಚರ್ ಅಂಗಡಿ. ಐವತ್ತು ದಾಟಿದವನು, ಆದರೆ ಅವನನ್ನು ಯಾರೂ ಬನ್ನಿ ಹೋಗಿ ಅನ್ನುತ್ತಿರಲಿಲ್ಲ. ನಾನೂ ಅಷ್ಟೇ.

ಮೆಟ್ಟಿಲು ಹತ್ತುವಾಗಲೇ ಯಜಮಾನರು ಶುರು ಮಾಡಿದರು. ಗಂಟಲು ಗೊರಗೊರ ಅಂದರೂ ಬಾಯಿ ಸುಮ್ಮನಿರಲಿಲ್ಲ.

"ಲೇ, ತಾಳ ತಂದಿದ್ದೀಯೇನ್ಲಾ, ಇಲ್ಲಾ ಪಂಪು ತಂದ್ಬುಟ್ಟಿದ್ದೀಯಾ?"

"ತಂದಿವ್ನಿ ಅಣ್ಣ."

"ನೋಡಪ್ಪ, ಇವ್ನು ಬಾಯಿ ತೆಗುದ್ರೆ ಕತ್ತೆ ಬತ್ತದೆ. ಇವ್ನಿಗೆ ಮೈಕು ಗೀಕು ಇಕ್ಕಬ್ಯಾಡ. ತಾಳ ಕೇಳ್ಸಿದ್ರೆ ಸಾಕು."

ಆಟೋದವನು ನಕ್ಕ. ತಮ್ಮನೂ ನಕ್ಕ. ನಾನೂ ನಕ್ಕೆ.

ಗುಡಿಯಲ್ಲಿ ಅವರು ಕೂರುವ ರೀತಿ ನನಗೆ ಗೊತ್ತು. ದೀಪದ ಮುಂದೆ ಒತ್ತಾಗಿ ಕೂರುತ್ತಾರೆ. ಯಜಮಾನರ ಭುಜಕ್ಕೆ ತಮ್ಮನ ಭುಜ ತಾಗಿಯೇ ಇರಬೇಕು. ಅವರಪ್ಪ ಹಾಗೇ ಕೂರಿಸಿದ್ದಂತೆ, ಅದನ್ನು ಯಾರೂ ಬದಲಿಸಿಲ್ಲ. ನಡುವೆ ಒಂದೇ ಮೈಕು ಇಳಿಬಿಟ್ಟಿರುತ್ತದೆ. ಎಲ್ಲಾ ಸದ್ದೂ ಅದಕ್ಕೇ.

ಇಲ್ಲಿ ಅದು ನಡೆಯುವುದಿಲ್ಲ ಎಂದೆ. ಯಜಮಾನರ ದನಿ ಈ ಒಂದು ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಅದು ತೊಳೆದಿಟ್ಟ ಹಾಗೆ ಸಿಗಬೇಕು, ಮೇಲೊಂದು ತಾಳದ ಚೂರು ಬೀಳಬಾರದು. ನಾನು ತಲೆಯಲ್ಲಿ ಇಟ್ಟುಕೊಂಡಿದ್ದು ಇಷ್ಟೇ.

ಹುಳು ಗೂಡು ಕಟ್ಟಲೆಂದು ಹೆಣೆದ ಆಳೆತ್ತರದ ಬಿದಿರಿನ ತಟ್ಟೆಗಳು ಆ ಕೋಣೆಯಲ್ಲೇ ಬಿದ್ದಿದ್ದವು. ಚಂದ್ರಿಕೆ ಅನ್ನುತ್ತಾರೆ. ಅವನ್ನು ನಿಲ್ಲಿಸಿ, ಎರಡೂ ಕಡೆ ಬೊಂತ ಹೊದಿಸುತ್ತೇನೆ. ಬೊಂತ ಅಂದರೆ ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ದಪ್ಪ ಹೊದಿಕೆ. ಕಾಸು ಕೊಟ್ಟು ತರುವ ಫೋಮಿಗಿಂತ ಅದೇ ವಾಸಿ. ಯಜಮಾನರನ್ನು ಬಾಗಿಲ ಹತ್ತಿರ ಕೂರಿಸಿದೆ. ಮೈಕಿಗೂ ಮುಖ ಬೆನ್ನು ಇರುತ್ತದೆ, ಬೆನ್ನ ಕಡೆಯ ಸದ್ದನ್ನು ಅದು ಅಷ್ಟಾಗಿ ತಗೊಳ್ಳುವುದಿಲ್ಲ. ಅದಕ್ಕೆ ಅವರ ಮೈಕಿನ ಬೆನ್ನು ಡೋಲಕ್ಕಿನ ಕಡೆ ಬರುವಂತೆ ತಿರುಗಿಸಿದೆ. ಮೇಷ್ಟ್ರ ಪೆಟ್ಟಿಗೆಗೆ ಹಿಂದಿನಿಂದ ಗೋಣಿಚೀಲ. ತಮ್ಮನನ್ನು ಕೊನೆಯ ಮೂಲೆಗೆ ತಳ್ಳಿ, ಸುತ್ತ ಮೂರು ಚಂದ್ರಿಕೆ ನಿಲ್ಲಿಸಿ, ಬೊಂತದ ಗೂಡು ಮಾಡಿದೆ. ತಾಳಕ್ಕೆ ಎಂದು ಅವನ ಎದೆಯ ಮುಂದೆ ಒಂದು ಮೈಕು ಇಟ್ಟೆ.

"ಇದರೊಳ್ಗೆ ಕೂತ್ರೆ ಅಣ್ಣ ಕಾಣಲ್ವಲ್ಲಪ್ಪ" ಅಂದ ತಮ್ಮ.

"ಕಾಣೋದೇನ್ ಬೇಕಾಗೈತೆ? ಡೋಲಕ್ ಕೇಳ್ಸುತ್ತೆ, ಬಾರ್ಸು" ಎಂದೆ.

ಹೆಡ್‌ಫೋನು ನನ್ನ ಹತ್ತಿರ ಇದ್ದದ್ದು ನಾಲ್ಕು. ನನಗೊಂದು, ಯಜಮಾನರಿಗೊಂದು, ಮೇಷ್ಟ್ರಿಗೊಂದು, ಆಟೋದವನಿಗೊಂದು. ತಮ್ಮನಿಗೆ ಇಲ್ಲ. ತಾಳದವನಿಗೆ ಯಾಕೆ ಎಂದುಕೊಂಡೆ. ಫ್ಯಾನು ಆರಿಸಿದೆ, ಬಾಗಿಲು ಹಾಕಿದೆ. ಹೆಡ್‌ಫೋನಿನಲ್ಲಿ ಕಿವಿ ಕೊರೆಯುತ್ತದೆ ಎಂದು ತಾಳದ ಮೈಕನ್ನು ಪೂರ್ತಿ ಇಳಿಸಿಟ್ಟೆ. ರೆಕಾರ್ಡ್ ಆಗುತ್ತಿರುತ್ತದೆ, ಯಾರಿಗೂ ಕೇಳುವುದಿಲ್ಲ.

ಶುರುವಾಯಿತು. ಯಜಮಾನರ ದನಿ ಒಡೆದಿತ್ತು, ಆದರೆ ಚೆನ್ನಾಗಿತ್ತು. ಕೆಳಗಿನ ಸ್ವರಗಳು ಹಳೆಯ ಮರದ ಹಾಗೆ ಗಟ್ಟಿ. ಕೊನೆಯ ನುಡಿ ಬಂತು. ಏರಿನ ಜಾಗ ಬಂತು.

ಬರೀ ಗಾಳಿ ಬಂತು.

ಉಸಿರು ಮೇಲಕ್ಕೆ ಹೋಯಿತು, ದನಿ ಹೋಗಲಿಲ್ಲ. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಹಾಗೆ. ಯಜಮಾನರು ಹಾಡು ನಿಲ್ಲಿಸಿದರು.

"ನಿನ್ ಮೈಕು ನುಂಗ್ತಾ ಐತೆ ಕಣಯ್ಯ" ಅಂದರು.

ನನಗೂ ಹಾಗೇ ಅನ್ನಿಸಿತು. ಆ ಏರು ನಾನು ಇಪ್ಪತ್ತು ವರ್ಷ ಕೇಳಿದವನು. ಅದು ಇಲ್ಲ ಅಂದರೆ ತಪ್ಪು ನನ್ನ ಸಾಮಾನಿನದ್ದೇ. ವೈರು ಬದಲಿಸಿದೆ. ಮತ್ತೆ ಹಾಡಿದರು, ಮತ್ತೆ ಗಾಳಿ. ಮೈಕೇ ಬದಲಿಸಿದೆ. ಮತ್ತೆ ಅದೇ. ನನ್ನ ಸಾಮಾನಿಗೆ ನಾನೇ ಬಾಯಿಗೆ ಬಂದಂತೆ ಬೈದೆ.

ಮೇಷ್ಟ್ರು ಆಟೋದವನ ಮುಖ ನೋಡಿದರು. ಆಟೋದವನು ಡೋಲಕ್ಕಿನ ಹಗ್ಗ ನೋಡಿದ. ಇದು ನನಗೆ ಕಾಣಿಸಿತು, ತಲೆಗೆ ಹೋಗಲಿಲ್ಲ.

"ಆ ಬೊಂತಗಳ್ನ ತೆಗ್ದುಬುಡಪ್ಪ" ಅಂದರು ಮೇಷ್ಟ್ರು ಮೆಲ್ಲಗೆ. "ಗುಡಿನಾಗೆ ಕೂತಂಗೆ ಕೂತ್ಕೋತೀವಿ. ಸರಿಹೋಯ್ತದೆ."

"ಮೇಷ್ಟ್ರೇ, ನೀವು ಪೆಟ್ಟಿಗೆ ನುಡ್ಸಿ. ಇದ್ನ ನಂಗೆ ಬುಡಿ."

ಆ ಮಾತು ನೆನಪಾದಾಗೆಲ್ಲ ಈಗಲೂ ಕೆನ್ನೆಗೆ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ತಪ್ಪು ಎಲ್ಲಿದೆ ಅಂತ ಒಂದೊಂದೇ ಮೈಕು ಕೇಳಿ ನೋಡುತ್ತೇನೆ ಎಂದೆ. ಯಜಮಾನರಿಗೆ ಗಂಟಲು ನೋಯುವುದು ಬೇಡ. "ನೀವು ಬಾಯಿ ಮುಚ್ಕೊಂಡು ಸುಮ್ನೆ ಕೂತ್ಕಳಿ, ಅವ್ರು ಕೊನೇ ನುಡಿ ಬಾರಿಸ್ಲಿ" ಎಂದು ಹೊರಗೆ ಕೂತು ನನ್ನ ಮೈಕಿನಲ್ಲಿ ಮೆಲ್ಲಗೆ ಹೇಳಿದೆ. ಮೇಷ್ಟ್ರಿಗೂ ಆಟೋದವನಿಗೂ ಅದು ಹೆಡ್‌ಫೋನಿನಲ್ಲಿ ಕೇಳಿಸಿತು. ಬೊಂತದ ಗೂಡಿನಲ್ಲಿ ಹೆಡ್‌ಫೋನಿಲ್ಲದೆ ಕೂತಿದ್ದ ತಮ್ಮನಿಗೆ ಕೇಳಿಸಲಿಲ್ಲ. ಇದು ಮೊದಲ ತಪ್ಪು. ಎರಡನೆಯದು, ನನಗೆ ಕೇಳುವುದೆಲ್ಲ ಯಜಮಾನರ ಹೆಡ್‌ಫೋನಿಗೂ ಹೋಗುತ್ತದೆ ಎಂಬುದು ನನಗೆ ಮರೆತೇಹೋಗಿತ್ತು.

ಮೈಕು ಬದಲಿಸಲು ಹೋದಾಗ ತೆಗೆದ ಬಾಗಿಲು ಅರ್ಧ ತೆರೆದೇ ಇತ್ತು. ಯಜಮಾನರು ನನಗೆ ಕಾಣುತ್ತಿದ್ದರು. ಹಾರ್ಮೋನಿಯಂ ಏರಿಸಿದೆ. ಸರಿಯಿದೆ. ಇಳಿಸಿದೆ. ಡೋಲಕ್ಕು ಏರಿಸಿದೆ. ಸರಿಯಿದೆ. ಇಳಿಸಿದೆ. ತಾಳದ ಮೈಕು ಏರಿಸಿದೆ. ಅಷ್ಟರಲ್ಲಿ ಏರಿನ ಜಾಗ ಬಂತು.

ಬಂದುಬಿಟ್ಟಿತು. ಆ ಏರು. ಪೂರ್ತಿ.

ದೊಡ್ಡ ಕೂಗಲ್ಲ. ಬಾಯಿ ಅರ್ಧ ಮುಚ್ಚಿ, ಮೂಗಿನ ಒಳಗಿಂದ ಎಳೆದ ದಾರದಂಥ ದನಿ. ಕೋಣೆಯಲ್ಲಿ ಡೋಲಕ್ಕಿನ ಕೆಳಗೆ ಮುಚ್ಚಿಹೋಗುವಷ್ಟು ಸಣ್ಣದು. ಆದರೆ ಮೈಕು ಎದೆಯ ಮುಂದೆಯೇ ಇತ್ತಲ್ಲ. ಮೇಲಕ್ಕೆ ಹೋಗಿ, ಅಲ್ಲೇ ನಿಂತು, ನಡುಗದೆ ಇಳಿಯಿತು. ನಮ್ಮಮ್ಮ ಕೈ ನಿಲ್ಲಿಸುತ್ತಿದ್ದ ಅದೇ ದನಿ. ನಾನು ಯಜಮಾನರ ಬಾಯಿ ನೋಡಿದೆ. ತುಟಿ ಮುಚ್ಚಿತ್ತು. ಎರಡು ಕೈಯಲ್ಲಿ ಹೆಡ್‌ಫೋನು ಒತ್ತಿ ಹಿಡಿದುಕೊಂಡಿದ್ದರು. ಕಣ್ಣು ನನ್ನ ಮೇಲೆ ಇತ್ತು.

ಆಗ ಗೊತ್ತಾಯಿತು, ಅವರಿಗೂ ಕೇಳಿಸಿದೆ ಎಂದು.

ಮೇಷ್ಟ್ರ ಕೈ ನಿಂತಿತು. ಡೋಲಕ್ಕು ನಿಂತಿತು. ತಾಳ ಇನ್ನೆರಡು ಸಲ ಬಡಿದು ನಿಂತಿತು.

"ನಾನು ಬಾಯಿ ತೆಗ್ದಿಲ್ಲ" ಅಂದರು ಯಜಮಾನರು.

ನನ್ನ ಕಡೆ ಬೆರಳು ತೋರಿಸಿದರು.

"ಲೇ, ನಿನ್ನೇ ಕೇಳ್ತಿರೋದು. ನಾನು ಬಾಯಿ ತೆಗ್ದಿಲ್ಲ. ಇದ್ರೊಳ್ಗೆ ನಾನು ಹಾಡ್ತಾ ಇವ್ನಿ. ಹೆಂಗ್ಲಾ?"

ಹಳೆಯ ರೆಕಾರ್ಡು ಅಂತ ಒಂದು ಸುಳ್ಳು ಹೇಳಬಹುದಿತ್ತು. ನನಗೆ ಹೊಳೆಯಲಿಲ್ಲ. ಹೆಡ್‌ಫೋನು ತೆಗೆದಿಟ್ಟು ಬಾಗಿಲಿಗೆ ಬಂದು ನಿಂತೆ.

ಬೊಂತ ಸರಿಸಿ ತಮ್ಮ ತಲೆ ಹೊರಗೆ ಹಾಕಿದ. ಬೆವರಲ್ಲಿ ಮಿಂದಿದ್ದ. "ಯಾಕೆ ನಿಲ್ಲಿಸ್ಬುಟ್ರಿ? ಈ ಸಲಿ ಚೆಂದಾಗ್ ಬಂತಲ್ಲ ಅಣ್ಣ, ಏರು?"

ಅಣ್ಣ ಹಾಡಿಲ್ಲ ಎನ್ನುವುದು ಅವನಿಗೆ ಗೊತ್ತೇ ಇಲ್ಲ. ಅಣ್ಣನ ಭುಜ ಪಕ್ಕದಲ್ಲಿರಲಿಲ್ಲ, ಮುಖ ಕಾಣುತ್ತಿರಲಿಲ್ಲ, ಬೊಂತದೊಳಗೆ ದನಿಯೂ ಸರಿಯಾಗಿ ಕೇಳುತ್ತಿರಲಿಲ್ಲ. ಡೋಲಕ್ಕಿನ ಪೆಟ್ಟು ಎಣಿಸಿ, ಜಾಗ ಬಂತು ಎಂದು ಯಾವತ್ತಿನಂತೆ ದನಿ ಸೇರಿಸಿಬಿಟ್ಟಿದ್ದ.

ಯಜಮಾನರು ಅವನನ್ನು ನೋಡಿದರು.

"ಯಾವತ್ತಿಂದ್ಲಾ?"

ತಮ್ಮ ನನ್ನ ಕಡೆ ನೋಡಿದ, ಮೇಷ್ಟ್ರ ಕಡೆ ನೋಡಿದ. ಅವನ ಮುಖದ ಬಣ್ಣ ಇಳಿಯುವುದು ಕಣ್ಣಿಗೆ ಕಾಣಿಸಿತು.

"ಏನು ಅಣ್ಣ?"

"ಯಾವತ್ತಿಂದ ಅಂದೆ."

"ಆ ಶಿವರಾತ್ರಿ... ನಿಂಗೆ ಜ್ವರ ಬಂದಿತ್ತಲ್ಲ. ಏರು ಏಳ್ಲಿಲ್ಲ. ಜನ ಕೂತಿದ್ರು. ಒಂಚೂರು ಕೆಳಗಿಂದ ದನಿ ಸೇರ್ಸ್ದೆ ಅಷ್ಟೇ. ಆಮೇಲೂ ನಿಂಗೆ ಏಳ್ಲಿಲ್ಲ."

"ಆರು ವರ್ಸ ಆಯ್ತಲ್ಲೋ ಆ ಜ್ವರಕ್ಕೆ!"

"ಹೂಂ."

"ಆರು ವರ್ಸ ನಾನು ಹಾಡ್ತಿವ್ನಿ ಅಂತ ನಾನೂ ಅಂದ್ಕೊಂಡಿವ್ನಿ, ನೀನೂ ಸುಮ್ಕಿದ್ದೀಯಾ?"

"ನೀನೂ ಹಾಡ್ತಿದ್ದೆ ಅಣ್ಣ. ಬಾಯಿ ತೆಗೀತಿದ್ದೆ. ನಾನು ಬರೀ..."

"ಮುಚ್ಲಾ!"

ಅವರು ಮೇಷ್ಟ್ರ ಕಡೆ ತಿರುಗಿದರು. "ಮೇಷ್ಟ್ರೇ, ಮೀಕು ತೆಲುಸಾ?" ಸಿಟ್ಟು ಬಂದರೆ ನಮ್ಮ ಕಡೆಯವರಿಗೆ ತೆಲುಗೇ ಮೊದಲು ಬರುವುದು. ಮೇಷ್ಟ್ರು ತಲೆ ತಗ್ಗಿಸಿದರು. ಗೊತ್ತಿತ್ತು. ಆಟೋದವನಿಗೂ ಗೊತ್ತಿತ್ತು. ಅವನು ಡೋಲಕ್ಕನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದ. ಗೊತ್ತಿಲ್ಲದವರು ಇಬ್ಬರೇ, ಯಜಮಾನರು ಮತ್ತು ನಾನು. ಸದ್ದಿನ ಕೆಲಸದಿಂದಲೇ ಹೊಟ್ಟೆ ಹೊರೆಯುವ ನಾನು.

ಈಗಲೂ ನಂಬುವುದು ಕಷ್ಟ. ಆದರೆ ಲೆಕ್ಕ ಹಾಕಿದರೆ ಸರಿಯಾಗಿಯೇ ಇದೆ. ಕಣ್ಣು ಮುಚ್ಚಿ ಹಾಡುವವರು. ಭುಜಕ್ಕೆ ಭುಜ ತಾಗಿದೆ. ಕಿವಿಯ ಹತ್ತಿರವೇ ತಾಳ ಕಿರುಚುತ್ತಿದೆ. ಒಂದೇ ರಕ್ತದ ಎರಡು ಗಂಟಲು, ಒಂದೇ ಸ್ವರ. ಯಾವುದು ತನ್ನದು, ಯಾವುದು ಪಕ್ಕದವನದು ಎಂದು ತಲೆಬುರುಡೆಗೆ ಹೇಗೆ ತಿಳಿಯಬೇಕು? ಹಾರ್ನಿನಲ್ಲಿ ಎಲ್ಲಾ ಕಲಸಿ ಒಂದಾಗಿ ಬರುತ್ತಿತ್ತು. ಅದನ್ನು ನಾನು ಬಿದಿರು, ಬೊಂತ ಇಟ್ಟು ಸೀಳಿ ಇಬ್ಬರನ್ನೂ ಬೇರೆ ಮಾಡಿದ್ದೆ.

ಯಜಮಾನರು ಎದ್ದು, ನನ್ನನ್ನು ತಳ್ಳಿಕೊಂಡು ಮೆಟ್ಟಿಲಿಳಿದು ಹೋದರು. ತಮ್ಮ ಹಿಂದೆ ಹೊರಟ. ಮೇಷ್ಟ್ರು ಅವನ ಕೈ ಹಿಡಿದರು. "ಊರುಕೋ. ಈಗ ಹೋಗ್ಬ್ಯಾಡ."

ನಾನು ಹೋದೆ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದರು. ಚಿಲಮತ್ತೂರಿಗೆ ಹೋಗುವ ಷೇರ್ ಆಟೋದವನು "ಎಕ್ಕಂಡಿ, ಎಕ್ಕಂಡಿ" ಎಂದು ಗಾಡಿ ಹತ್ತಲು ಅವರ ಮುಖಕ್ಕೇ ಕೂಗುತ್ತಿದ್ದ. ಅದು ಅವರ ಕಿವಿಗೆ ಹೋಗುತ್ತಿರಲಿಲ್ಲ.

"ನಾನು ಆರು ವರ್ಸದ ಹಿಂದೇನೇ ಮುಗಿದೋಗಿದ್ದೆ ಕಣಪ್ಪ" ಅಂದರು. "ನಂಗೆ ಯಾರೂ ಹೇಳ್ಲಿಲ್ಲ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬಂದದ್ದು ಹೇಳಿದೆ.

"ಕೆಳಗಿಂದು ನಿಮ್ದೇ ಯಜಮಾನ್ರೇ. ನಿಮ್ ಮೈಕು ಒಂದನ್ನೇ ಕೇಳಿವ್ನಿ. ಏರು ಒಂದ್ ಬಿಟ್ರೆ ಮಿಕ್ಕಿದ್ದೆಲ್ಲಾ ನಿಮ್ದೇ. ಅದು ನಾಳಿಕ್ಕೆ ಹೋಗುತ್ತೆ. ಹಾಡ್ತೀರಾ, ಬಸ್ ಹತ್ತೀರಾ, ಹೇಳ್ಬುಡಿ."

"ಏರು ಇಲ್ದೆ ಆ ಪದ ಯಾಕ್ಲಾ?"

"ಏರು ಐತಲ್ಲ, ಒಳ್ಗೆ. ಬೆವರ್ಕೊಂಡ್ ಕೂತೈತೆ."

ಹೊಡೆಯುತ್ತಾರೇನೋ ಎಂದುಕೊಂಡೆ. ಹೊಡೆಯಲಿಲ್ಲ. ಬಿಸಿನೀರು ಕೇಳಿದರು. ಗಂಟಲಿಗೆ ಬಿಟ್ಟುಕೊಂಡರು. ಲೋಟ ಕೆಳಗಿಟ್ಟರು. ಎದ್ದರು.

ಮೇಲೆ ಬಂದು ಮೊದಲು ಮಾಡಿದ ಕೆಲಸ, ಮೂಲೆಯ ಚಂದ್ರಿಕೆಗೆ ಕಾಲಲ್ಲಿ ಒದ್ದದ್ದು. ಬಿದಿರು ದಡಾರನೆ ಬಿತ್ತು. ಬೊಂತದ ಧೂಳೆದ್ದು ಎಲ್ಲರೂ ಕೆಮ್ಮಿದೆವು. "ಚಾಪೆ ಹಾಸು" ಅಂದರು ನನಗೆ. ನಾನು ಚಾಪೆ ಹಾಸಿದೆ. ಹೆಡ್‌ಫೋನು ಕಿತ್ತೆ. ನಾಲ್ಕು ಮೈಕು ಇದ್ದಲ್ಲೇ ಬಿಡದೆ ಹತ್ತಿರಕ್ಕೆ ಎಳೆದು, ಒತ್ತಾಗಿ ಕೂತ ಅವರ ನಡುವೆ ಇಟ್ಟೆ. ಯಾವ ಮೈಕಿಗೆ ಯಾರ ಸದ್ದು ಎನ್ನುವ ಮಾತೇ ಇಲ್ಲ. ಎಲ್ಲಕ್ಕೂ ಎಲ್ಲರದ್ದೂ. ನಾನು ಕಲಿತದ್ದೆಲ್ಲ ಚಾಪೆಯ ಕೆಳಗೆ ಹೋಯಿತು.

ತಮ್ಮ ಒಂದು ಮೊಳ ದೂರ ಕೂತ. ಅಣ್ಣ ಅವನ ಅಂಗಿ ಹಿಡಿದು ಎಳೆದರು. ಭುಜಕ್ಕೆ ಭುಜ ತಾಗಿತು.

ಹಾಡಿದರು. ಈ ಸಲ ಯಜಮಾನರು ಕಣ್ಣು ಮುಚ್ಚಲಿಲ್ಲ. ತಮ್ಮನ ಬಾಯಿಯನ್ನೇ ನೋಡುತ್ತಾ ಹಾಡಿದರು. ಅದನ್ನು ನೋಡುವುದು ಕಷ್ಟವಾಗಿತ್ತು. ಕೊನೆಯ ನುಡಿ ಬಂತು. ಏರಿಗೆ ಮುಂಚೆ ಒಂದು ಉಸಿರಿನ ಜಾಗವಿದೆ. ಅಲ್ಲಿ ಅವರು ಹಾಡು ಬಿಟ್ಟರು. ತಮ್ಮನೂ ಬಾಯಿ ತೆರೆಯಲಿಲ್ಲ, ಹೆದರಿಬಿಟ್ಟಿದ್ದ. ಡೋಲಕ್ಕು ಒಂದು ಸುತ್ತು ಸುಮ್ಮನೆ ಹೋಯಿತು. ಇದೂ ಹಾಳಾಯಿತು, ಇನ್ನೊಂದು ಸಲ ಹಾಡುವಷ್ಟು ಆ ಗಂಟಲಲ್ಲಿ ಏನೂ ಉಳಿದಿಲ್ಲ, ಮುಗಿಯಿತು ಎಂದು ನಾನು ಕೈ ಬಿಟ್ಟೆ.

ಆಗ ಯಜಮಾನರು, ನಾಲ್ಕು ಮೈಕಿನ ನಟ್ಟನಡುವೆ, ಜೋರಾಗಿ ಅಂದರು:

"ಎತ್ಲಾ!"

ತಮ್ಮ ಎತ್ತಿದ. ದಾರದಂತಲ್ಲ, ಮೂಗಿನ ಒಳಗಿಂದಲ್ಲ. ಬಾಯಿ ಪೂರ್ತಿ ತೆಗೆದು. ಆರು ವರ್ಷ ಮುಚ್ಚಿಟ್ಟಿದ್ದು ಒಂದೇ ಸಲಕ್ಕೆ ಹೊರಗೆ ಬಂದ ಹಾಗೆ. ಕಂಪ್ಯೂಟರಿನಲ್ಲಿ ಕೆಂಪು ದೀಪಗಳು ಹತ್ತಿಕೊಂಡವು. ಸದ್ದು ಒಡೆಯುತ್ತದೆ ಎಂದು ಗೊತ್ತಿದ್ದೂ ನಾನು ಇಳಿಸಲಿಲ್ಲ. ಕೈ ಹೋಗಲಿಲ್ಲ. ಆಟೋದವನು ಒಂದು ಪೆಟ್ಟು ತಪ್ಪಿದ.

ಇಳಿಯುವ ಜಾಗದಲ್ಲಿ ಯಜಮಾನರು ಮತ್ತೆ ಸೇರಿಕೊಂಡು ಪದ ಮುಗಿಸಿದರು. ಇನ್ನೊಂದು ಸಲ ಹಾಡಲಿಲ್ಲ. ಹಾಕಿ ತೋರಿಸು ಎಂದೂ ಅನ್ನಲಿಲ್ಲ. ಬೆಂಗಳೂರಿನ ಬಸ್ಸಿಗೆ ಹೊತ್ತಾಗಿತ್ತು. ತಮ್ಮ ಅವರ ಬ್ಯಾಗು ಎತ್ತಿಕೊಂಡ.

ಆಪರೇಷನ್ ಆಗಿ ಒಂದು ತಿಂಗಳಿಗೆ ನಾನೇ ಪೆನ್‌ಡ್ರೈವ್ ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ಗುಡಿಯ ಕಮಿಟಿಯವರೊಬ್ಬರು ಮುಂಜಾನೆ ಅದನ್ನು ಹಾರ್ನಿಗೆ ಹಾಕಿದರು. ಅಣ್ಣ ತಮ್ಮ ಇಬ್ಬರೂ ಗುಡಿಯ ಜಗುಲಿಯ ಮೇಲೆ ಕೂತಿದ್ದರು. ಯಜಮಾನರ ಕುತ್ತಿಗೆಗೆ ಮಫ್ಲರ್ ಸುತ್ತಿತ್ತು. ಮಾತು ಪಿಸುಪಿಸು ಗಾಳಿಯಷ್ಟೇ, ಬಗ್ಗಿ ಕಿವಿ ಕೊಟ್ಟರೆ ಕೇಳಬೇಕು.

ಪದ ಬೀದಿಯ ಮೇಲೆ ಹೋಯಿತು. ಕೊನೆಯ ನುಡಿ. ನಂತರ ಹಾರ್ನಿನಿಂದ, ಇಡೀ ಬೀದಿಗೆ ಕೇಳುವಂತೆ, "ಎತ್ಲಾ!"

ಕಮಿಟಿಯವರು ಬೆಚ್ಚಿಬಿದ್ದರು. "ಏಂದಿರಾ ಇದಿ? ದೇವ್ರ ಪದ್ದಾಗೆ ಎತ್ಲಾ ಗಿತ್ಲಾ ಅಂತ! ತೆಗ್ಯಪ್ಪ ಅದೊಂದ್ನ."

"ತೆಗ್ಯಕ್ಕಾಗಲ್ಲ" ಎಂದೆ. "ನಾಲಕ್ಕು ಮೈಕ್ನಾಗೂ ಸೇರ್ಕೊಂಡೈತೆ."

ಅದು ಸುಳ್ಳಲ್ಲ. ಲೀಕು.

ಯಜಮಾನರು ತಮ್ಮನಿಗೆ ಏನೋ ಪಿಸುಗುಟ್ಟಿದರು. ತಮ್ಮ ಬಗ್ಗಿ ಕೇಳಿಸಿಕೊಂಡು ನನ್ನ ಕಡೆ ತಿರುಗಿ ಅಂದರು:

"ಸೌಂಡು ಇನ್ನೊಂಚೂರು ಜಾಸ್ತಿ ಇಕ್ಬೇಕಂತೆ."